ಕಿವಿ-ಮೂಗು ಚುಚ್ಚಿಸಿದ ಬಳಿಕ ಗಾಯದ ಆರೈಕೆ

ಕರ್ಣವೇಧವನ್ನು ನಮ್ಮ ಪ್ರಾಚೀನ ವೈದ್ಯರು ಶಸ್ತ್ರಕರ್ಮವೆಂದೇ ಎಣಿಸಿದ್ದರು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯ ಆರಂಭವಾಗುವುದೇ ಇದರಿಂದ. ಮಗುವಿಗೆ 6 ಅಥವಾ 7ನೆಯ ತಿಂಗಳಲ್ಲಿ, ಸೂರ್ಯನ ಬೆಳಕು ಹಾಯ್ದು ಕಾಣುವ ತೆಳ್ಳನೆಯ ಎಡೆಯನ್ನು ಗುರುತಿಸಿ ನೇರವಾಗಿ ಚುಚ್ಚಬೇಕು. ರಕ್ತವೂ ನೋವೂ ಹೆಚ್ಚಾದರೆ ಸ್ಥಾನ ತಪ್ಪಿತೆಂದು ತಿಳಿಯಬೇಕು ಎಂಬುದು ಅಲ್ಲಿಯ ವಿಧಿ. ಕಾಲಿಕಾ, ಮರ್ಮರಿಕಾ, ಲೋಹಿತಿಕಾ ಎಂಬ ಸಿರೆಗಳಿಗೆ ಪೆಟ್ಟಾದರೆ ಜ್ವರ, ಬಾವು, ಗಂಟು, ಕತ್ತಿನ ಸೆಡೆತ ಉಂಟಾಗುವುದೆಂದೂ ಹೇಳಿದೆ. ಕತ್ತಿನ ಸೆಡೆತವೆಂದೊಡನೆ ಇಂದಿನ ವೈದ್ಯನಿಗೆ ನೆನಪಾಗುವುದು ಧನುರ್ವಾಯು. ಈಗ ಮಕ್ಕಳಿಗೆ 6, 10 ಮತ್ತು 14ನೆಯ ವಾರಗಳಲ್ಲಿ ಅದರ ಲಸಿಕೆ ದೊರೆಯುತ್ತದೆ. ಆದುದರಿಂದ ಸುಶ್ರುತರು ಹೇಳಿದ ಕಾಲವು ಇಂದಿಗೂ ಯೋಗ್ಯವೇ. ದೊಡ್ಡವರು ಚುಚ್ಚಿಸಿಕೊಳ್ಳುವುದಾದರೆ ಹತ್ತು ವರ್ಷದೊಳಗೆ ಚುಚ್ಚುಮದ್ದು ಆಗಿದೆಯೇ ಎಂದು ನೋಡಿಕೊಳ್ಳಬೇಕು. ಸೂಜಿಯಂತೂ ಹೊಸದೇ ಆಗಿರಬೇಕು.

ಚುಚ್ಚುವುದು ಕ್ಷಣದ ಕೆಲಸ, ಮಾಯುವುದು ತಿಂಗಳುಗಳ ಕೆಲಸ. ಕಿವಿಯ ಹಾಲೆಗೆ 6ರಿಂದ 8 ವಾರ ಬೇಕು. ಮೂಗಿಗೆ ನಾಲ್ಕಾರು ತಿಂಗಳು. ಮೊದಲ ದಿನಗಳಲ್ಲಿ ತುಸು ಕೆಂಪು, ತುಸು ಬಾವು, ತಿಳಿನೀರು ಒಸರಿ ಹೊಪ್ಪಳಿಕೆ ಕಟ್ಟುವುದು ಸಹಜ. ಕೈಗಳನ್ನು ಸೋಪಿನಿಂದ ತೊಳೆದ ಬಳಿಕವೇ ಗಾಯವನ್ನು ಮುಟ್ಟಬೇಕು. ಒಂದು ಲೋಟ (250 ಮಿ.ಲೀ.) ಕುದಿಸಿ ಆರಿಸಿದ ನೀರಿಗೆ ಕಾಲು ಚಮಚ ಉಪ್ಪು ಬೆರೆಸಿ, ಶುಭ್ರವಾದ ಹತ್ತಿಯಿಂದ ದಿನಕ್ಕೆರಡು ಬಾರಿ ಒರೆಸಿ, ಒತ್ತಿ ಒಣಗಿಸಿದರೆ ಸಾಕು. ಹೊಪ್ಪಳಿಕೆಯನ್ನು ಉಗುರಿನಿಂದ ಕೀಳಬಾರದು.

ಓಲೆಯನ್ನು ದಿನವೂ ತಿರುಗಿಸಬೇಕು, ಇಲ್ಲವಾದರೆ ಅಂಟಿಕೊಳ್ಳುವುದೆಂದು ಹಿರಿಯರು ಹೇಳುವುದುಂಟು. ಹಾಗೆ ತಿರುಗಿಸಿದಾಗಲೆಲ್ಲ ಒಳಗೆ ಬೆಳೆಯುತ್ತಿರುವ ಎಳೆಯ ಚರ್ಮ ಹರಿಯುತ್ತದೆ. ಸುಶ್ರುತರು ಹತ್ತಿಯ ಬತ್ತಿಯನ್ನು ಮೂರು ದಿನಕ್ಕೊಮ್ಮೆ ಬದಲಿಸಿ ಬರಬರುತ್ತ ದಪ್ಪ ಮಾಡಲು ಹೇಳಿದ್ದು ರಂಧ್ರವನ್ನು ಹಿಗ್ಗಿಸುವುದಕ್ಕಾಗಿ. ನಮ್ಮ ಸಣ್ಣ ಓಲೆಗೆ ಅದರ ಅಗತ್ಯವಿಲ್ಲ.

ಅರಿಸಿನದ ಗುಣವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಅಡುಗೆಮನೆಯ ಡಬ್ಬಿಯ ಪುಡಿ ಶುದ್ಧವಾದ ಔಷಧವಲ್ಲ. ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮೆತ್ತಿದರೆ ರಂಧ್ರದ ಬಾಯಿ ಮುಚ್ಚಿ ಕೀವು ಒಳಗೇ ಉಳಿಯುತ್ತದೆ. ಬೂದಿಯನ್ನಂತೂ ಹಚ್ಚಲೇಬಾರದು. ಬೇವಿನ ಕಡ್ಡಿ ಸಿಕ್ಕಿಸುವ ರೂಢಿಯೂ ಹಸಿ ಗಾಯಕ್ಕೆ ತಕ್ಕುದಲ್ಲ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಕಿವಿಯ ಮೇಲ್ಭಾಗದ ವಿಷಯದಲ್ಲಿ. ನಮ್ಮ ಅಜ್ಜಿಯರು ಬುಗುಡಿ ಧರಿಸುತ್ತಿದ್ದುದು ಅಲ್ಲಿಯೇ. ಈಗ ಕಾಲೇಜಿನ ಮಕ್ಕಳಿಗೆ ಅದು ಮತ್ತೆ ಪ್ರಿಯವಾಗಿದೆ. ಅಲ್ಲಿರುವುದು ಮೃದ್ವಸ್ಥಿ. ಅದಕ್ಕೆ ಸ್ವಂತ ರಕ್ತನಾಳಗಳಿಲ್ಲ, ಹೊದಿಕೆಯ ಪೊರೆಯಿಂದಲೇ ಪೋಷಣೆ. ಆದಕಾರಣ ಮಾಯಲು 4ರಿಂದ 12 ತಿಂಗಳು ಬೇಕು. ಪೊರೆಯ ಕೆಳಗೆ ಕೀವು ತುಂಬಿದರೆ ಮೃದ್ವಸ್ಥಿಯು ಕೆಲವೇ ದಿನಗಳಲ್ಲಿ ಸತ್ತು, ಕಿವಿ ಮುರುಟಿ ಶಾಶ್ವತವಾಗಿ ವಿಕಾರವಾಗುತ್ತದೆ. ಮೇಲ್ಗಿವಿ ಕೆಂಪಗೆ ಊದಿ, ಬಿಸಿಯಾಗಿ, ಮುಟ್ಟಿದರೆ ತಡೆಯಲಾರದಷ್ಟು ನೋವಿದ್ದರೆ ಮನೆಮದ್ದಿನಲ್ಲಿ ಒಂದು ದಿನವನ್ನೂ ಕಳೆಯದೆ ಕಿವಿ-ಮೂಗು-ಗಂಟಲು ತಜ್ಞರಲ್ಲಿಗೆ ಹೋಗಬೇಕು. ಆಯುರ್ವೇದ ವೈದ್ಯನಾಗಿಯೇ ಈ ಮಾತನ್ನು ಹೇಳುತ್ತಿದ್ದೇನೆ: ಅಲ್ಲಿ ಆ್ಯಂಟಿಬಯೋಟಿಕ್ ಬೇಕು. ಗನ್ನಿನಿಂದ ಈ ಭಾಗವನ್ನು ಚುಚ್ಚಿಸಲೇಬಾರದು. ಅದರ ಹೊಡೆತಕ್ಕೆ ಮೃದ್ವಸ್ಥಿ ಜಜ್ಜಿಹೋಗುತ್ತದೆ. ಮಧುಮೇಹಿಗಳೂ, ಹಿಂದೆ ಗಾಯದ ಕಲೆ ಉಬ್ಬಿ ಬೆಳೆದವರೂ ಮೊದಲೇ ವೈದ್ಯರನ್ನು ಕೇಳುವುದು ಒಳಿತು.

ಮೊದಲ ಆಭರಣ ಚಿನ್ನದ್ದಾಗಿರಲಿ. ಅಗ್ಗದ ಓಲೆಗಳಲ್ಲಿ ನಿಕ್ಕಲ್ ಬೆರೆತಿದ್ದು, ಅದರಿಂದ ತುರಿಕೆ ಹಾಗೂ ನೀರೊಸರುವಿಕೆ ಉಂಟಾಗುತ್ತದೆ. ಮಕ್ಕಳ ಓಲೆಯ ತಿರುಪನ್ನು ಬಿಗಿಯಾಗಿ ತಿರುಗಿಸಿದರೆ, ಬಾವು ಬಂದಾಗ ಅದು ಹಾಲೆಯೊಳಗೆ ಹುದುಗಿಬಿಡುತ್ತದೆ. ಹಾಗಾದಾಗ ಮನೆಯಲ್ಲಿ ಎಳೆಯದೆ ವೈದ್ಯರಿಂದಲೇ ತೆಗೆಸಬೇಕು. ಕೀವಿದೆಯೆಂದು ತಾವಾಗಿ ಓಲೆ ಬಿಚ್ಚುವುದೂ ಸರಿಯಲ್ಲ, ರಂಧ್ರ ಮುಚ್ಚಿದರೆ ಕೀವಿಗೆ ಹೊರದಾರಿ ಇರುವುದಿಲ್ಲ.