ಮೊಬೈಲಿನಲ್ಲಿ ವರ್ಷಪೂರ್ತಿ ಆರೋಗ್ಯ ಪಾಠ

ಕೆಂಪಾಪುರದ ಸ್ವಸಹಾಯ ಸಂಘಗಳ ಅಕ್ಕಂದಿರಿಗೆ ಒಂದು ವರ್ಷದ ಆರೋಗ್ಯ ಪಾಠ ರೂಪಿಸಲು ಹೊರಟ ನಾವು ಮೊದಲಿಗೇ ಎಡವಿದೆವು. ಬೆಳಿಗ್ಗೆ ಹನ್ನೊಂದಕ್ಕೆ ವಿಡಿಯೋ ತರಗತಿ ಇಟ್ಟೆವು. ಆ ಹೊತ್ತಿಗೆ ಅವರು ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ ತೊಳೆಯುತ್ತಿರುತ್ತಾರೆ. ಮನೆಯ ಒಂದೇ ಸ್ಮಾರ್ಟ್‌ಫೋನು ಮಗನ ಜೇಬಿನಲ್ಲಿ. "ಸಿಸ್ಟರ್, ರಾತ್ರಿ ಒಂಬತ್ತರ ಮೇಲೆ ಕಳ್ಸಿ, ಆಗ ಫೋನ್ ಸಿಗುತ್ತೆ" ಎಂದರು ಒಬ್ಬರು.

ಈಗ ವಾರಕ್ಕೊಂದು ಮೂರು ನಿಮಿಷದ ಧ್ವನಿ ಸಂದೇಶ, ತಿಂಗಳಿಗೊಂದೇ ಅಭ್ಯಾಸ. ಉದಾಹರಣೆಗೆ ಉಪ್ಪು. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗ್ರಾಂ ತೂಗುವವರು ಯಾರು? ಪೊಟ್ಟಣ ಒಡೆದ ತಾರೀಖನ್ನು ಅದರ ಮೇಲೇ ಬರೆಯಿರಿ. ನಾಲ್ವರು ದೊಡ್ಡವರಿರುವ ಮನೆಗೆ ಒಂದು ಕೆ.ಜಿ. 50 ದಿನವಾದರೂ ಬರಬೇಕು. ಉಪ್ಪಿನಕಾಯಿ, ಹಪ್ಪಳ ತಿನ್ನುವ ಮನೆಯಲ್ಲಿ ಇನ್ನೂ ಹೆಚ್ಚು ದಿನ. ದಿನವಿಡೀ ಮೆಟ್ಟಿಲು ಹತ್ತುವವರಿಗೆ ನಡಿಗೆಯ ಪಾಠ ಬೇಡವೆಂದು, ಆ ತಿಂಗಳನ್ನು ಬೆನ್ನುನೋವಿಗೆ ಕೊಟ್ಟೆವು.

ಮನಸ್ಸಿನ ಪಾಠವನ್ನು ಮಾತ್ರ ಫೋನಿಗೆ ಕಳಿಸುವುದಿಲ್ಲ. ಮನೆಯವರೆಲ್ಲ ಕೇಳುವ ಫೋನಿನಲ್ಲಿ ಗಂಡನ ಕುಡಿತ, ಹೊಡೆತದ ಮಾತು ಹೇಗೆ ಆಡೋದು? ಅದೇನಿದ್ದರೂ ಸಂಘದ ಸಭೆಯಲ್ಲೇ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಆ ಐದು ಅಂಕಿಗಳನ್ನು ಬಾಯಿಪಾಠ ಮಾಡಿಸುತ್ತೇವೆ, ಚೀಟಿಯಲ್ಲಿ ಬರೆದುಕೊಡುವುದಿಲ್ಲ.