ಗೂಗಲ್‌ಗೆ ಬಾಗಿಲು ಹಾಕಿದ್ದು ನಾವೇ

ಮಡಿಕೇರಿ ಹತ್ತಿರದ ಒಂದು ಹೋಮ್‌ಸ್ಟೇಗೆ ನಾವು ನಾಲ್ವರು ವೆಬ್‌ಸೈಟ್ ಮಾಡಿಕೊಟ್ವಿ. ಎರಡು ತಿಂಗಳಾದ್ರೂ ಒಂದೇ ಒಂದು ಫೋನ್ ಬರಲಿಲ್ಲ. ಜೂನ್ ಬಂದು ಮಳೆ ಹಿಡಿದ್ರೆ ರೂಮುಗಳು ಖಾಲಿ ಅಂತ ಆ ಮನೆ ಆಂಟಿಗೆ ಚಿಂತೆ.

ಟೀಮ್ ಲೀಡ್ ನಾನು. ಕೀವರ್ಡ್ ಸಾಲಲಿಲ್ಲ ಅಂತ ಪೇಜ್ ತುಂಬ 'ಕೂರ್ಗ್ ಹೋಮ್‌ಸ್ಟೇ' ತುರುಕಿದೆ. (ಗೂಗಲ್ ಇದನ್ನ ಸ್ಪ್ಯಾಮ್ ಅನ್ನುತ್ತೆ, ಮಾಡ್ಬೇಡಿ.) ಕೊನೆಗೆ ಸರ್ಚ್ ಕನ್ಸೋಲ್‌ನಲ್ಲಿ ಯುಆರ್‌ಎಲ್ ಹಾಕಿ ನೋಡಿದ್ರೆ, ಟೆಸ್ಟಿಂಗ್‌ಗೆ ಅಂತ ಸೇರಿಸಿದ್ದ 'ನೋಇಂಡೆಕ್ಸ್' ಟ್ಯಾಗ್ ಹಾಗೇ ಕೂತಿದೆ! ಅದಿದ್ರೆ ಗೂಗಲ್ ಪೇಜನ್ನ ಓದಿದ್ರೂ ಸರ್ಚ್‌ನಲ್ಲಿ ತೋರಿಸಲ್ಲ. ರ್‍ಯಾಂಕಿಂಗ್ ಮಾತು ಆಮೇಲೆ; ನೀವೂ ಮೊದಲು ಇದನ್ನೇ ನೋಡಿ.

ಟೀಮಿನ ಜೂನಿಯರ್‌ಗೆ ಅದು ಮೊದಲ ವಾರವೇ ಕಂಡಿತ್ತಂತೆ. "ನೀವು ಬೇಕಂತ್ಲೇ ಹಾಕಿರ್ತೀರ ಅನ್ಕೊಂಡೆ ಅಣ್ಣ" ಅಂದ. ಹಿಂದೊಮ್ಮೆ ಏನೋ ಕೇಳೋಕೆ ಬಂದವನಿಗೆ 'ನಿನ್ನ ಕೆಲಸ ನೋಡ್ಕೋ' ಅಂದಿದ್ದೆ ನಾನು.

ಟ್ಯಾಗ್ ತೆಗೆದು ಮತ್ತೆ ಇಂಡೆಕ್ಸಿಂಗ್‌ಗೆ ರಿಕ್ವೆಸ್ಟ್ ಹಾಕಿದ್ವಿ. ಪೋಸ್ಟರ್ ಚಿತ್ರದೊಳಗಿದ್ದ ಬಾಡಿಗೆ, ದಾರಿ ವಿವರಗಳನ್ನ ಟೆಕ್ಸ್ಟ್ ಆಗಿ ಬರೆದ್ವಿ. ತುರುಕಿದ್ದನ್ನೆಲ್ಲ ಅಳಿಸಿ, ಟೈಟಲ್‌ನಲ್ಲಿ ಕೊಡಗು, ಕೂರ್ಗ್ ಎರಡನ್ನೂ ಒಂದೊಂದು ಸಲ ಇಟ್ವಿ. ಆಂಟಿ ಹತ್ರ ತಪ್ಪು ಒಪ್ಕೊಳ್ಳೋಕೆ ನಾನೊಬ್ಬನೇ ಹೋದೆ. ಈಗ ಯಾವ ಸೈಟ್ ಲೈವ್ ಆಗೋ ಮುಂಚೆಯೂ ಚೆಕ್‌ಲಿಸ್ಟ್ ಓದೋದು ಆ ಜೂನಿಯರ್. ಅವನು ಹೂಂ ಅನ್ನೋ ತನಕ ನಾನು ಬಟನ್ ಒತ್ತಲ್ಲ.