ಚುಕ್ಕಿಗೊಂದು ಹೆಸರು: ಆಲೇಖದಲ್ಲಿ ಊರ ಹೆಸರುಗಳು ಒಂದರ ಮೇಲೊಂದು ಬೀಳದಂತೆ ಬರೆಯುವ ಕ್ರಮ

ಕರ್ನಾಟಕದ ಗಡಿಯಾಚೆ ತಲೆಮಾರುಗಳಿಂದ ಕನ್ನಡಿಗರು ನೆಲೆಸಿರುವ ಊರುಗಳನ್ನು ಒಂದೇ ಹಾಳೆಯಲ್ಲಿ ತೋರಿಸುವ ಪಟವೊಂದನ್ನು ಸುವರ್ಣ ಮಹೋತ್ಸವದ ಪ್ರದರ್ಶನಕ್ಕಾಗಿ ಸಿದ್ಧಪಡಿಸಿಕೊಡಬೇಕೆಂದು ಸಮಿತಿಯವರು ನನ್ನನ್ನು ಕೇಳಿಕೊಂಡರು. ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಭೂಪಟ ಬರೆಯುತ್ತಲೇ ಸೇವಾವಧಿಯನ್ನು ಕಳೆದವನಿಗೆ ಇದೇನು ದೊಡ್ಡ ಕೆಲಸವೆಂದು ಒಪ್ಪಿಕೊಂಡೆ. ಗಣಕಯಂತ್ರದಲ್ಲಿ ಪಳಗಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು, "ಕೈಯಲ್ಲಿ ಬರೆಯುವುದು ಬೇಡ ಮಾಸ್ಟ್ರೇ, ಕಂಪ್ಯೂಟರಿನಲ್ಲಿ ಮಾಡುವ, ನಾನು ಹೇಳಿಕೊಡುತ್ತೇನೆ" ಎಂದಳು. ಹೀಗೆ ಎಪ್ಪತ್ತು ದಾಟಿದ ಮೇಲೆ ನಾನು ಕಲಿತ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಬಳಸಿದ್ದು 'ಆರ್' ಎಂಬ ಗಣಕಭಾಷೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ಎಂಬ ಇಬ್ಬರು ಅಧ್ಯಾಪಕರು ಇದನ್ನು ಆರಂಭಿಸಿದರು. ಇದು ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಮೊದಲು ಮೂರು ಕಂಬಸಾಲುಗಳ ಒಂದು ಪಟ್ಟಿ ಬೇಕು: ಊರಿನ ಹೆಸರು, ರೇಖಾಂಶ, ಅಕ್ಷಾಂಶ. ಹೊಸೂರಿಗೆ 77.8 ಮತ್ತು 12.7, ಆದೋನಿಗೆ 77.3 ಮತ್ತು 15.6, ಸೊಲ್ಲಾಪುರಕ್ಕೆ 75.9 ಮತ್ತು 17.7. ರೇಖಾಂಶವನ್ನು ಅಡ್ಡ ಅಕ್ಷದಲ್ಲಿಯೂ ಅಕ್ಷಾಂಶವನ್ನು ಲಂಬ ಅಕ್ಷದಲ್ಲಿಯೂ ಇರಿಸಿದರೆ ಚುಕ್ಕಿಗಳೆಲ್ಲ ತಂತಮ್ಮ ಸ್ಥಾನದಲ್ಲಿ ಬಂದು ಕೂರುತ್ತವೆ. ಎಂಟನೆಯ ತರಗತಿಯ ಗ್ರಾಫಿನ ಪಾಠ ನೆನಪಿರುವವರಿಗೆ ಇದರಲ್ಲಿ ಹೊಸತೇನೂ ಇಲ್ಲ.

ತೊಡಕು ಆರಂಭವಾಗುವುದು ಹೆಸರು ಬರೆಯುವಾಗ. ನಮ್ಮ ಹಾಳೆಯಲ್ಲಿ ಒಂದು ಡಿಗ್ರಿ ಅಕ್ಷಾಂಶಕ್ಕೆ ಐದು ಸೆಂಟಿಮೀಟರ್ ಅಳತೆ. ಮಂಜೇಶ್ವರದಿಂದ ಕಾಸರಗೋಡಿಗೆ ಅಕ್ಷಾಂಶದ ಅಂತರ 0.2 ಡಿಗ್ರಿಯ ಆಸುಪಾಸು, ಎಂದರೆ ಹಾಳೆಯ ಮೇಲೆ ಕೇವಲ ಒಂದು ಸೆಂಟಿಮೀಟರ್. ಅಷ್ಟರೊಳಗೆ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಎಂಬ ನಾಲ್ಕು ಹೆಸರುಗಳು ಹಿಡಿಸಬೇಕು. ಕನ್ನಡ ಲಿಪಿಗೆ ಮೇಲೆ ಗುಣಿತದ ಚಿಹ್ನೆ, ಕೆಳಗೆ ಒತ್ತಕ್ಷರ. ಗೋಡೆಯ ಮೇಲಿನದನ್ನು ದೂರದಿಂದ ಓದುವಂತಿರಬೇಕಾದರೆ ಒಂದು ಸಾಲಿಗೆ ಐದು ಮಿಲಿಮೀಟರಿಗೆ ಕಡಿಮೆಯಾಗದು. ಎರಡು ಸೆಂಟಿಮೀಟರಿನ ಸಾಮಾನನ್ನು ಒಂದು ಸೆಂಟಿಮೀಟರಿನ ಡಬ್ಬಿಯಲ್ಲಿ ತುಂಬುವ ಕಥೆಯಿದು. ಸಾಲದುದಕ್ಕೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ನೀರ್ಚಾಲು, ಪೈವಳಿಕೆ, ಬಾಯಾರು, ಅಡೂರು, ದೇಲಂಪಾಡಿ ಮೊದಲಾದ ಒಳನಾಡಿನ ಊರುಗಳೂ ಪಟ್ಟಿಯಲ್ಲಿದ್ದವು. ಮೊದಲ ಪ್ರತಿಯಲ್ಲಿ ಆ ಮೂಲೆ ಮಸಿ ಚೆಲ್ಲಿದಂತೆ ಕಂಡಿತು.

ಈ ಕಷ್ಟ ಭೂಪಟ ಬರೆಯುವವರಿಗೆ ಹಳೆಯದು. ಸ್ವಿಟ್ಜರ್ಲೆಂಡಿನ ಪ್ರಸಿದ್ಧ ಭೂಪಟಕಾರ ಎಡ್ವರ್ಡ್ ಇಮ್ಹಾಫ್ 1962ರಲ್ಲಿ ಹೆಸರುಗಳನ್ನು ಎಲ್ಲೆಲ್ಲಿ ಇಡಬೇಕೆಂಬ ನಿಯಮಗಳನ್ನು ಪ್ರಕಟಿಸಿದರು. ಕಡಲ ದಂಡೆಯ ಊರಿನ ಹೆಸರನ್ನು ನೀರಿನ ಮೇಲೆ ಬರೆಯಬೇಕೆಂಬುದು ಅವುಗಳಲ್ಲೊಂದು. ನಾನೂ ತರಗತಿಯಲ್ಲಿ ಮಕ್ಕಳಿಗೆ ಕಾಸರಗೋಡನ್ನು ಅರಬ್ಬಿ ಸಮುದ್ರದಲ್ಲಿಯೇ ಬರೆಯಿಸುತ್ತಿದ್ದೆ. ಇಮ್ಹಾಫರ ಹೆಸರು ಕೇಳಿ ಅಲ್ಲ, ದಂಡೆಯಲ್ಲಿ ಜಾಗವಿಲ್ಲವೆಂದು.

ಮನುಷ್ಯನು ಕಣ್ಣಳತೆಯಿಂದ ಮಾಡುವ ಈ ಕೆಲಸ ಗಣಕಯಂತ್ರಕ್ಕೆ ಎಷ್ಟು ಕಠಿಣವೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಪ್ರತಿ ಚುಕ್ಕಿಗೂ ಹೆಸರನ್ನು ನಾಲ್ಕೇ ಸ್ಥಾನಗಳಲ್ಲಿ ಇಡಬಹುದೆಂದಿಟ್ಟುಕೊಳ್ಳೋಣ. ಐದು ಚುಕ್ಕಿಗಳಿಗೆ 1,024 ವಿಧಗಳು. ಹತ್ತು ಚುಕ್ಕಿಗಳಿಗೆ 10,48,576. ಇಪ್ಪತ್ತಾದರೆ ಒಂದು ಲಕ್ಷ ಕೋಟಿಗೂ ಮಿಕ್ಕಿ. ಚುಕ್ಕಿಗಳು ಹೆಚ್ಚಿದಂತೆ ಅತ್ಯುತ್ತಮ ವಿಧವನ್ನು ಬೇಗನೆ ಕಂಡುಹಿಡಿಯುವ ಖಚಿತ ಮಾರ್ಗ ಯಾರಿಗೂ ತಿಳಿದಿಲ್ಲದ ಸಮಸ್ಯೆಗಳ ವರ್ಗಕ್ಕೆ ಇದು ಸೇರಿದ್ದೆಂದು ಜೋ ಮಾರ್ಕ್ಸ್ ಮತ್ತು ಸ್ಟುವರ್ಟ್ ಶೀಬರ್ 1991ರಲ್ಲಿ ತೋರಿಸಿಕೊಟ್ಟರು.

ಆದುದರಿಂದ ಪ್ರೋಗ್ರಾಂ ಬರೆಯುವವರು ಅತ್ಯುತ್ತಮವನ್ನು ಬಿಟ್ಟು 'ಸಾಕಷ್ಟು ಚೆನ್ನ'ವನ್ನು ಅರಸುತ್ತಾರೆ. ಆರ್ ಭಾಷೆಯ 'ಜಿಜಿಪ್ಲಾಟ್' ಎಂಬ ಚಿತ್ರಸಾಧನಕ್ಕೆ ಜೊತೆಯಾಗಿ ಕಮಿಲ್ ಸ್ಲೊವಿಕೊವ್‌ಸ್ಕಿ ಎಂಬವರು 2016ರಲ್ಲಿ ಹೊರತಂದ 'ಜಿಜಿರಿಪೆಲ್' ಇಂತಹುದು. ಅದರ ತತ್ತ್ವ ನಮ್ಮ ವಿಜ್ಞಾನದ ಪಾಠದಲ್ಲಿದ್ದುದೇ. ಹೆಸರುಗಳು ಸಜಾತೀಯ ಧ್ರುವಗಳಂತೆ ಪರಸ್ಪರ ವಿಕರ್ಷಿಸುತ್ತವೆ. ಚುಕ್ಕಿಗಳೂ ಅವನ್ನು ದೂರ ತಳ್ಳುತ್ತವೆ. ಅದೇ ವೇಳೆಗೆ ಪ್ರತಿ ಹೆಸರನ್ನೂ ಅದರ ಸ್ವಂತ ಚುಕ್ಕಿ ಸ್ಪ್ರಿಂಗಿನಂತೆ ತನ್ನೆಡೆಗೆ ಸೆಳೆಯುತ್ತದೆ. ಈ ನೂಕಾಟ ಎಳೆದಾಟವನ್ನು ಯಂತ್ರವು ಸಾವಿರಾರು ಸಲ ಲೆಕ್ಕಹಾಕಿ, ಯಾವುದೂ ಯಾವುದನ್ನೂ ಮುಟ್ಟದ ಸ್ಥಿತಿ ಬಂದಾಗ, ಅಥವಾ ಕೊಟ್ಟ ಕಾಲ ಮುಗಿದಾಗ, ನಿಲ್ಲಿಸುತ್ತದೆ. ದೂರ ಸರಿದ ಹೆಸರಿನಿಂದ ಚುಕ್ಕಿಗೆ ಒಂದು ತೆಳುಗೆರೆಯನ್ನೂ ಎಳೆಯುತ್ತದೆ. ಬಳಸುವ ಕ್ರಮ ಸುಲಭ: ಹೆಸರು ಬರೆಯುವ ಮಾಮೂಲಿ ಆಜ್ಞೆಯಾದ 'ಜಿಯಾಮ್ ಟೆಕ್ಸ್ಟ್' ಎಂಬುದರ ಬದಲು 'ಜಿಯಾಮ್ ಟೆಕ್ಸ್ಟ್ ರಿಪೆಲ್' ಎಂದು ಬರೆದರಾಯಿತು. ಪೈಥಾನ್ ಭಾಷೆ ಬಲ್ಲವರಿಗೆ ಇದೇ ಕೆಲಸಕ್ಕೆ 'ಅಡ್ಜಸ್ಟ್‌ಟೆಕ್ಸ್ಟ್' ಎಂಬ ಸಾಧನವಿದೆ.

ಆಜ್ಞೆ ಕೊಟ್ಟೊಡನೆ ಮಸಿಯ ಮೂಲೆ ತಿಳಿಯಾಯಿತು. ಹೆಸರುಗಳು ಬಿಡಿಬಿಡಿಯಾಗಿ, ಮುದ್ದಾಗಿ ನಿಂತುವು. ನಾನು ಬಹಳ ಸಂತೋಷಪಟ್ಟು ಪ್ರತಿಯನ್ನು ಮನೆಗೆ ತಂದು ಕನ್ನಡಕ ಹಾಕಿಕೊಂಡು ನೋಡುತ್ತೇನೆ: ನಾನು ಹುಟ್ಟಿದ ಊರಿನ ಹೆಸರಿಲ್ಲ! ಚುಕ್ಕಿಯಿದೆ, ಹೆಸರಿಲ್ಲ. ಪಟ್ಟಿಯೊಡನೆ ತಾಳೆ ನೋಡಿದೆ. ಒಳನಾಡಿನ ಇನ್ನೂ ಕೆಲವು ಊರುಗಳ ಗತಿಯೂ ಅದೇ. ಮರುದಿನ ಕೇಳಿದಾಗ ಆಕೆ ನಾಲಗೆ ಕಚ್ಚಿಕೊಂಡಳು. "ತುಂಬ ಹೆಸರು ಅಡ್ಡ ಬಂದರೆ ಅದು ಬಿಟ್ಟುಬಿಡುತ್ತದೆ ಮಾಸ್ಟ್ರೇ. ಎಚ್ಚರಿಕೆಯ ಸಾಲು ಬಂದದ್ದುಂಟು, ನಾವು ನೋಡಲಿಲ್ಲ."

ವಿಷಯ ಹೀಗಿದೆ. 'ಮ್ಯಾಕ್ಸ್ ಓವರ್‌ಲ್ಯಾಪ್ಸ್' ಎಂಬ ಮಿತಿಯೊಂದಿದೆ. ನಾವೇನೂ ಹೇಳದಿದ್ದರೆ ಅದರ ಬೆಲೆ 10. ಅದಕ್ಕಿಂತ ಹೆಚ್ಚು ಸಂಗತಿಗಳ ಮೇಲೆ ಬೀಳುವ ಹೆಸರನ್ನು ಯಂತ್ರವು ಬರೆಯುವುದೇ ಇಲ್ಲ. ಎಷ್ಟು ಹೆಸರು ಬಿಟ್ಟುಹೋಯಿತೆಂದು ಆಜ್ಞೆಗಳ ಕಿಟಕಿಯಲ್ಲಿ ಇಂಗ್ಲಿಷಿನ ಒಂದು ಸಾಲು ಮೂಡುತ್ತದೆಯೇ ಹೊರತು ಚಿತ್ರದ ಮೇಲೆ ಯಾವ ಗುರುತೂ ಇರುವುದಿಲ್ಲ. ಸಾವಿರ ಚುಕ್ಕಿಗಳ ಆಲೇಖಕ್ಕೆ ಈ ಏರ್ಪಾಡು ಯುಕ್ತವೇ. ಊರುಗಳ ಪಟಕ್ಕೆ ಮಾತ್ರ ಒಗ್ಗದು. ಒತ್ತೊತ್ತಾಗಿರುವ ಸಣ್ಣ ಊರುಗಳೇ ಮೊದಲು ಬಿಟ್ಟುಹೋಗುತ್ತವೆ. ಒಂಟಿಯಾಗಿ ನಿಂತ ಸೊಲ್ಲಾಪುರಕ್ಕೆ ಯಾವ ಭಯವೂ ಇಲ್ಲ. ಮಿತಿಯನ್ನು 'ಇನ್ಫ್', ಅರ್ಥಾತ್ ಅನಂತ, ಎಂದು ಬದಲಿಸಿದರೆ ಎಲ್ಲ ಹೆಸರುಗಳೂ ಬರುತ್ತವೆ.

ಬಂದುವು, ಆದರೆ ಮತ್ತೆ ನೂಕುನುಗ್ಗಲು. ಇಲ್ಲಿ ಹಳೆಯ ಕರಿಹಲಗೆಯ ಪಾಠ ಉಪಯೋಗಕ್ಕೆ ಬಂತು. ಹೆಸರು ಬರೆಯುವ ಆಜ್ಞೆಯನ್ನು ಎರಡಾಗಿಸಿದೆವು. ಕರಾವಳಿಯ ಊರುಗಳ ಹೆಸರುಗಳು 74.8 ಡಿಗ್ರಿ ರೇಖಾಂಶದ ಪಶ್ಚಿಮಕ್ಕೇ, ಎಂದರೆ ಸಮುದ್ರದಲ್ಲೇ, ಇರಬೇಕೆಂದು 'ಎಕ್ಸ್‌ಲಿಮ್' ಎಂಬ ಸೂಚನೆಯಿಂದ ವಿಧಿಸಿದೆವು, ಮಿಕ್ಕವು 75.3ರ ಪೂರ್ವಕ್ಕೆ. ಎರಡು ಆಜ್ಞೆಗಳು ಒಂದನ್ನೊಂದು ಅರಿಯವಾದ್ದರಿಂದ ಹೀಗೆ ಗಡಿ ಹಾಕದಿದ್ದರೆ ಒಂದರ ಹೆಸರು ಇನ್ನೊಂದರ ಮೇಲೆ ಬಿದ್ದೀತು. ಇನ್ನೊಂದು ಸೂಕ್ಷ್ಮವಿದೆ: ಆಯಾ ಆಜ್ಞೆಗೆ ಬೇಡವಾದ ಊರನ್ನು ಪಟ್ಟಿಯಿಂದ ತೆಗೆಯಬಾರದು, ಹೆಸರಿನ ಜಾಗವನ್ನು ಖಾಲಿ ಬಿಡಬೇಕು. ಆಗ ಹೆಸರಿಲ್ಲದ ಚುಕ್ಕಿಯೂ ಇತರ ಹೆಸರುಗಳನ್ನು ತನ್ನ ಮೇಲಿನಿಂದ ತಳ್ಳುತ್ತದೆ. ನಮ್ಮ ಪಟದಲ್ಲಿ ಕರ್ನಾಟಕದೊಳಗಿನ ಊರುಗಳಿಲ್ಲದುದರಿಂದ ಆ ಭಾಗವೆಲ್ಲ ಬರಿದಾಗಿತ್ತು. ಗಡಿಯಾಚೆಯ ಹೆಸರುಗಳೆಲ್ಲ ಅಲ್ಲಿಗೆ ಸರಿದು ಆಶ್ರಯ ಪಡೆದುವು. ನೋಡಲು ಒಂದು ಬಗೆಯ ಸಮಾಧಾನವಾಯಿತು.

ಮಾಡಬಯಸುವವರಿಗೆ ಮೂರು ಮಾತು. ಯಂತ್ರವು ಹೆಸರುಗಳನ್ನು ಮೊದಲು ಯಾದೃಚ್ಛಿಕವಾಗಿ ಅತ್ತಿತ್ತ ಸರಿಸಿ ಆರಂಭಿಸುವುದರಿಂದ ಪ್ರತಿ ಸಲವೂ ಪಟ ಬೇರೆಯಾಗಬಹುದು. 'ಸೀಡ್' ಎಂಬಲ್ಲಿ ಯಾವುದಾದರೊಂದು ಸಂಖ್ಯೆಯನ್ನು ಕೊಟ್ಟರೆ ಪ್ರತಿ ಬಾರಿಯೂ ಅದೇ ಪಟ ದೊರೆಯುತ್ತದೆ. ಹಾಳೆಯ ಅಳತೆಯನ್ನು ಮೊದಲೇ ನಿಶ್ಚಯಿಸಬೇಕು; ಅಕ್ಷರದ ಗಾತ್ರ ಹಾಗೆಯೇ ಉಳಿದು ಹಾಳೆ ಮಾತ್ರ ಹಿರಿದು ಕಿರಿದಾದರೆ ಹೆಸರುಗಳ ಸ್ಥಾನವೂ ಬದಲಾಗುತ್ತದೆ. ಕನ್ನಡದಲ್ಲಿ ಬರೆಯುವವರು ಒತ್ತಕ್ಷರಗಳನ್ನು ಪರೀಕ್ಷಿಸಬೇಕು. ನಮ್ಮ ಮೊದಲ ಪ್ರತಿಯಲ್ಲಿ ಮಂಜೇಶ್ವರದ ವತ್ತು ಕೆಳಗಿಳಿಯದೆ ಪಕ್ಕದಲ್ಲಿ ಕುಳಿತಿತ್ತು. ರಾಷ್ಟ್ರಕವಿ ಗೋವಿಂದ ಪೈಗಳ ಊರಿಗೆ ಇಂತಹ ಕಾಗುಣಿತ ಸಲ್ಲದು. 'ರ್‍ಯಾಗ್' ಎಂಬ ಸಾಧನದ ಮೂಲಕ ಚಿತ್ರವನ್ನು ಉಳಿಸಿದ ಮೇಲೆ ಸರಿಯಾಯಿತು.

ಪಟವನ್ನು ಸಭಾಂಗಣದ ಎಡಗೋಡೆಯಲ್ಲಿ ತೂಗಹಾಕಲಾಗಿದೆ. ಪಟ್ಟಿಯಲ್ಲಿದ್ದ ಎಲ್ಲ ಹೆಸರುಗಳೂ ಈಗ ಅದರಲ್ಲಿವೆ. ಪಟ್ಟಿಯನ್ನು ಸಿದ್ಧಪಡಿಸಿದವನು ನಾನೇ ಆದ್ದರಿಂದ ಅದರಲ್ಲಿಯೇ ಬಿಟ್ಟುಹೋದ ಊರುಗಳಿದ್ದರೆ ಅದು ಯಂತ್ರದ ತಪ್ಪಲ್ಲ. ಅಂತಹ ಊರಿನವರು ಹೆಸರನ್ನು ಶಾಲೆಯ ಕಚೇರಿಯಲ್ಲಿ ಬರೆದು ಕೊಡಬೇಕಾಗಿ ವಿನಂತಿ. ಒಂದು ಸಾಲು ಸೇರಿಸಿ ಮತ್ತೆ ಮುದ್ರಿಸಲು ಅರ್ಧ ಗಳಿಗೆಯೂ ಬೇಡ.